ಹಂಡೆ ನೀರಿನ ವೋಲ್ಟೇಜು

ನನಗೊಂದು ಚಟವಿದೆ. ಯಾರ ಮನೆಗೆ ಹೋದರೂ ಅಲ್ಲಿನ ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಗೀಸರುಗಳ ಮೇಲೆ ಎಷ್ಟು ವ್ಯಾಟ್ ಎಂದು ಬರೆದಿದೆಯೋ ನೋಡುತ್ತೇನೆ. ನೋಡಿ ಸುಮ್ಮನಿದ್ದರೆ ಯಾರಿಗೂ ತೊಂದರೆಯಿಲ್ಲ. ಅದನ್ನು ಇನ್ನೂರ ಮೂವತ್ತರಿಂದ ಭಾಗಿಸಿ, ಇದು ಇಷ್ಟು ಕರೆಂಟು ಎಳೆಯುತ್ತದೆ ಎಂದು ಮನೆಯವರಿಗೆಲ್ಲ ಹೇಳಿ ಮುಗಿಸುವ ತನಕ ಕೊಟ್ಟ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಅರಕಲಗೂಡಿನ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಮೇಷ್ಟ್ರು. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ, ಎರಡನ್ನೂ ಗುಣಿಸಿದರೆ ಪವರ್ ಎಂದು ಹತ್ತನೇ ತರಗತಿಯವರಿಗೆ ಪ್ರತಿ ವರ್ಷ ಹೇಳಿ ಹೇಳಿ, ನಾಲಿಗೆಗೆ ಅದು ಅಂಟಿಕೊಂಡುಬಿಟ್ಟಿದೆ.

ಹೆಣ್ಣು ನೋಡಲು ಹೋದ ದಿನವೂ ಅಷ್ಟೇ. ಹುಡುಗಿಯ ಊರು ಹೊಳೆನರಸೀಪುರ ತಾಲ್ಲೂಕಿನಲ್ಲಿ, ಹಳ್ಳಿಮೈಸೂರಿನ ಆಚೆ. ನಡುಮನೆಯಲ್ಲಿ ಫ್ರಿಜ್ಜಿನ ಪಕ್ಕ ಒಂದು ದೊಡ್ಡ ಸ್ಟೆಬಿಲೈಸರ್ ಕೂತಿತ್ತು. ನನ್ನ ಕಣ್ಣು ಅದರ ಮೇಲೇ ಇತ್ತು. "ನೀವು ಅವತ್ತು ನನ್ನ ಮುಖ ನೋಡಿದ್ದಕ್ಕಿಂತ ಆ ಡಬ್ಬ ನೋಡಿದ್ದೇ ಜಾಸ್ತಿ" ಎಂದು ಹೆಂಡತಿ ಈಗಲೂ ಚುಚ್ಚುತ್ತಾಳೆ. ನೋಡಿದ್ದು ನಿಜ. ನೋಡಿಯೂ ಏನೂ ತಿಳಿದುಕೊಳ್ಳಲಿಲ್ಲ ಎಂಬುದು ಮುಂದೆ ಗೊತ್ತಾಗುತ್ತದೆ.

ಮದುವೆಯಾದ ಮೇಲಿನ ಮೊದಲ ದೀಪಾವಳಿಗೆ ನಮ್ಮನ್ನು ಆ ಮನೆಗೆ ಕರೆದರು. ಹೊಸ ಅಳಿಯನಿಗೆ ಆ ಹಬ್ಬದಲ್ಲಿ ಕೆಲಸವೆಂದರೆ ಮೂರೇ: ಎಣ್ಣೆ ಹಚ್ಚಿಸಿಕೊಳ್ಳುವುದು, ಬಿಸಿನೀರು ಹುಯ್ಯಿಸಿಕೊಳ್ಳುವುದು, ತಿನ್ನುವುದು. ಒಂದು ಲೋಟವನ್ನೂ ಅವನು ಎತ್ತಿಡುವ ಹಾಗಿಲ್ಲ. ಎತ್ತಿಟ್ಟರೆ ಮಾವನ ಮನೆಯವರ ಮಾನ ಹೋಗುತ್ತದೆ. ನಾನು ಸೋಮಾರಿಯಾದ್ದರಿಂದ ಈ ಪದ್ಧತಿಯ ಬಗ್ಗೆ ನನಗೆ ಯಾವ ತಕರಾರೂ ಇರಲಿಲ್ಲ.

ತಕರಾರಿದ್ದದ್ದು ಅತ್ತೆಯ ಕಣ್ಣಿನ ಬಗ್ಗೆ. ಹಬ್ಬಕ್ಕೆ ಸ್ವಲ್ಪ ದಿನ ಮುಂಚೆ ಹಾಸನದಲ್ಲಿ ಅವರ ಬಲಗಣ್ಣಿನ ಪೊರೆ ತೆಗೆಸಿದ್ದರು. ಎಡಗಣ್ಣಿನದು ಸಂಕ್ರಾಂತಿ ಕಳೆದ ಮೇಲೆ ಎಂದಾಗಿತ್ತು. ಅಲ್ಲಿಯವರೆಗೆ ಹೊಗೆಯ ಹತ್ತಿರ ಹೋಗಬಾರದು, ಬಗ್ಗಿ ಒಲೆ ಊದಬಾರದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿ ಕಳಿಸಿದ್ದರು. ಅಡುಗೆಮನೆಗೆ ಗ್ಯಾಸ್ ಬಂದು ಎಷ್ಟೋ ಕಾಲವಾಗಿತ್ತು. ಆದರೆ ಬಚ್ಚಲುಮನೆಯ ಹಂಡೆ ಮಾತ್ರ ಸೌದೆ ಒಲೆಯ ಮೇಲೇ ಇತ್ತು, ಮತ್ತು ಅದನ್ನು ಊದುವವರು ಅತ್ತೆಯೇ. ಗಂಡಸರು ಸೌದೆ ಸೀಳಿ ಕೊಡುತ್ತಿದ್ದರು. ಒಲೆ ಊದುವುದು ಹೆಂಗಸರ ಕೆಲಸ ಎಂದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳುವ ಅಗತ್ಯವೂ ಬಿದ್ದಿರಲಿಲ್ಲ.

ಹಾಗಾಗಿ ನಾನು ಹಬ್ಬಕ್ಕೆ ಹೋಗುವಾಗ ಎರಡು ಸಾವಿರ ವ್ಯಾಟಿನ ನೀರು ಕಾಯಿಸುವ ರಾಡ್ ಒಂದನ್ನು ತೆಗೆದುಕೊಂಡು ಹೋದೆ. ಮಾವನಿಗೆ ಅದನ್ನು ಕಂಡ ಕೂಡಲೆ ಹುಬ್ಬು ಮೇಲೇರಿತು. ಅವರು ತೆಂಗು, ರಾಗಿ, ಆಲೂಗಡ್ಡೆ ಬೆಳೆಯುವ ಗಟ್ಟಿ ಆಳು. ಅಳಿಯನೆಂದರೆ ಬಹುವಚನ ಬಿಟ್ಟು ಮಾತಾಡದವರು. ಆದರೆ ಬಹುವಚನದಲ್ಲೇ ಬೈಯುವುದೂ ಅವರಿಗೆ ಚೆನ್ನಾಗಿ ಬರುತ್ತಿತ್ತು.

"ಕರೆಂಟ್ ನೀರು ಮೈಗೆ ಇಡಿಸಾಕಿಲ್ಲ ಅಳಿಯಂದ್ರೆ" ಎಂದರು. "ಸೌದೆ ನೀರು ಉಯ್ಕಂಡ್ರೆ ಮೂಳೆವರ್ಗೂ ಇಳೀತದೆ. ಇದೇನು ಕಡ್ಡಿ."

"ಮಾವ, ನೀರಿಗೆ ಶಾಖ ಎಲ್ಲಿಂದ ಬಂತು ಅಂತ ಗೊತ್ತಾಗಲ್ಲ" ಎಂದೆ.

"ನೀರ್ಗೆ ಗೊತ್ತಾಗ್ದಿದ್ರೇನು, ನಂಗೊತ್ತಾಯ್ತದೆ."

ಅತ್ತೆ ನಡುವೆ ಬಾಯಿ ಹಾಕಿದರು. "ಒಂದಪ ಊದುದ್ರೆ ನನ್ ಕಣ್ಣೇನು ಉದುರೋಗಾಕಿಲ್ಲ, ಬುಡಿ ಅತ್ಲಾಗೆ." ಅಷ್ಟು ಹೇಳಿ ಬಲಗಣ್ಣನ್ನು ಸೆರಗಿನ ತುದಿಯಿಂದ ಒತ್ತಿಕೊಂಡರು. ಕಣ್ಣು ಕೆಂಪಗಿತ್ತು. ಹಿಂದಿನ ದಿನವೂ ಯಾರಿಗೂ ಹೇಳದೆ ಊದಿದ್ದರೆಂದು ಹೆಂಡತಿ ಆಮೇಲೆ ಹೇಳಿದಳು. ನನಗೆ ನಿಜವಾಗಿಯೂ ಸಿಟ್ಟು ಬಂತು. ಹೊಸ ಅಳಿಯನಿಗೆ ಸಿಟ್ಟು ಬಂದರೆ ಅದಕ್ಕೊಂದು ಬೆಲೆಯಿರುತ್ತದೆ. ಮಾವ ನನ್ನ ಮುಖ ನೋಡಿ, ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, ಪಂದ್ಯ ಕಟ್ಟುವವರ ಹಾಗೆ ಹೇಳಿದರು.

"ಆಯ್ತು. ನಾಳೆ ಬೆಳ್ಕರಿಯೋದ್ರೊಳ್ಗೆ ಈ ಕಡ್ಡೀಲಿ ಅಂಡೆ ಕಾದ್ರೆ, ಅಬ್ಬ ಮುಗುದ್ ತಕ್ಷಣ ಒಲೆ ಕಿತ್ತಾಕ್ಬುಡ್ತೀನಿ. ಕಾಯ್ಲಿಲ್ಲ ಅಂದ್ರೆ ಒಲೆ ಇರ್ತದೆ, ಕಡ್ಡಿ ನಿಮ್ಮೂರ್ಗೆ ಓಯ್ತದೆ. ಆಮೇಲೆ ಈ ಮಾತು ಎತ್ತುಂಗಿಲ್ಲ."

ಅವರು ಮಾತಿಗೆ ತಪ್ಪುವವರಲ್ಲ. ಗೆದ್ದರೆ ಅತ್ತೆ ಹೊಗೆಯಿಂದ ಪಾರು. ಸೋತರೆ ಮರುದಿನದಿಂದಲೇ ಮತ್ತೆ ಊದುಗೊಳವೆ. ನಾನು ಒಪ್ಪಿಕೊಂಡೆ. ಲೆಕ್ಕದಲ್ಲಿ ನನ್ನನ್ನು ಸೋಲಿಸುವವರು ಯಾರು ಎಂಬ ಜಂಬ ಬೇರೆ.

ಅದು ನೀರು ತುಂಬುವ ದಿನ. ಮಧ್ಯಾಹ್ನವೇ ಅತ್ತೆ ತಾಮ್ರದ ಹಂಡೆಯನ್ನು ಹುಣಸೆಹಣ್ಣಿನಲ್ಲಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಾಗಲಬಳ್ಳಿ ಸುತ್ತಿದರು. ಅರವತ್ತು ಲೀಟರ್ ಹಿಡಿಯುವ ಹಂಡೆ. ನಾನು ಅದಕ್ಕೆ ಅರ್ತ್ ತಂತಿ ಸರಿಯಾಗಿ ಕಟ್ಟಿ, ಅಡ್ಡ ಕೋಲಿಗೆ ರಾಡ್ ನೇತುಹಾಕಿ, ಸ್ವಿಚ್ ಆರಿಸಿ ಪ್ಲಗ್ ಕೀಳುವ ತನಕ ಯಾರೂ ನೀರು ಮುಟ್ಟಬಾರದು ಎಂದು ಮೂರು ಸಲ ಹೇಳಿದೆ. ನನ್ನ ಚೀಲದಲ್ಲಿ ಯಾವಾಗಲೂ ಒಂದು ಕ್ಲಾಂಪ್ ಮೀಟರ್ ಇರುತ್ತದೆ. ಇಕ್ಕಳದಂಥ ಅದರ ಬಾಯಿಯನ್ನು ಒಂದು ತಂತಿಗೆ ಕಚ್ಚಿಸಿದರೆ ಎಷ್ಟು ಕರೆಂಟು ಹರಿಯುತ್ತಿದೆ ಎಂದು ತೋರಿಸುತ್ತದೆ. ಅದರ ಎರಡು ಕಡ್ಡಿಗಳಿಂದ ವೋಲ್ಟೇಜನ್ನೂ ಅಳೆಯಬಹುದು.

ಸ್ವಿಚ್ ಹಾಕಿ ನೋಡಿದೆ. ಇನ್ನೂರ ಇಪ್ಪತ್ತೈದು ವೋಲ್ಟ್, ಎಂಟೂವರೆ ಆಂಪಿಯರ್. ಭಾಗಿಸಿದರೆ ಇಪ್ಪತ್ತಾರೂವರೆ ಓಮ್ ರೋಧ. ಗುಣಿಸಿದರೆ ಸಾವಿರದ ಒಂಬೈನೂರು ವ್ಯಾಟಿನ ಮೇಲೆ. ರಾಡ್ ಚೊಕ್ಕವಾಗಿದೆ. ಅರವತ್ತು ಲೀಟರ್ ನೀರನ್ನು ನಲವತ್ತು ಡಿಗ್ರಿ ಮೇಲಕ್ಕೇರಿಸಲು ಬೇಕಾದ ಶಾಖವನ್ನು ಈ ವ್ಯಾಟಿನಿಂದ ಭಾಗಿಸಿ, ಒಂದೂವರೆ ಗಂಟೆ ಸಾಕು ಎಂದು ಹೇಳಿದೆ. ಗಾಳಿಗೆ ಹೋಗುವ ಶಾಖಕ್ಕೆಂದು ಉದಾರವಾಗಿ ಇನ್ನೊಂದು ಕಾಲು ಗಂಟೆ ಸೇರಿಸಿದೆ. ಮೂರೂ ಮುಕ್ಕಾಲಕ್ಕೆ ಸ್ವಿಚ್ ಹಾಕಿದರೆ ಐದೂವರೆಗೆ ಮೈ ಸುಡುವ ನೀರು. ಇಷ್ಟನ್ನೂ ನಡುಮನೆಯಲ್ಲಿ ನಿಂತು, ತರಗತಿಯಲ್ಲಿ ಹೇಳುವ ಧಾಟಿಯಲ್ಲೇ ಹೇಳಿದೆ. ಮಾವ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೇಳಿಸಿಕೊಂಡರು. ಅವರ ಬೆನ್ನ ಹಿಂದೆ ಸ್ಟೆಬಿಲೈಸರ್ ಗುಂಯ್‌ಗುಡುತ್ತಲೇ ಇತ್ತು.

ಬೆಳಿಗ್ಗೆ ಅತ್ತೆ, ನಾನು ಹೇಳಿದ ಹೊತ್ತಿಗೆ ಸರಿಯಾಗಿ ಸ್ವಿಚ್ ಹಾಕಿದ್ದರು. ನಾನು ನಿದ್ದೆಯಲ್ಲಿದ್ದೆ. ಐದಕ್ಕೆ ಎಬ್ಬಿಸಿ, ಮಣೆಯ ಮೇಲೆ ಕೂರಿಸಿ, ಆರತಿ ಮಾಡಿ, ತಲೆಗೆ ಅರ್ಧ ಸೇರು ಹರಳೆಣ್ಣೆ ಒತ್ತಿದರು. ಎಣ್ಣೆ ಹುಬ್ಬು ದಾಟಿ ಕಣ್ಣಿಗಿಳಿಯುತ್ತಿತ್ತು. ಐದೂವರೆಗೆ ಹೆಂಡತಿ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಹಂಡೆಗೆ ಕೈ ಅದ್ದಿ ನನ್ನ ಕಡೆ ನೋಡಿದಳು.

"ಏನು?" ಎಂದೆ.

"ನೀವೇ ಬಂದು ನೋಡಿ."

ನೋಡಿದೆ. ಕೈಗೆ ನೀರು ತಣ್ಣಗೂ ಇಲ್ಲ, ಬಿಸಿಯೂ ಇಲ್ಲ. ಜ್ವರ ಬಿಟ್ಟವರ ಹಣೆ ಮುಟ್ಟಿದ ಹಾಗಿತ್ತು. ಅಷ್ಟರಲ್ಲಿ ಮಾವ ಬಾಗಿಲಲ್ಲಿ ನಿಂತಿದ್ದರು.

"ಕಡ್ಡಿ ಕೆಟ್ಟೋಗದೆ" ಎಂದರು. ದನಿಯಲ್ಲಿ ಮರುಕ ಇದ್ದಂತಿತ್ತು, ಅದಕ್ಕೇ ನನಗೆ ಇನ್ನೂ ಅವಮಾನವಾಯಿತು.

ಕೈ ಒರೆಸಿಕೊಂಡು, ಮತ್ತೆ ಪ್ಲಗ್ ಹಾಕಿ ಮೀಟರ್ ತರಲು ಹೇಳಿದೆ. ಮೈಯೆಲ್ಲ ಎಣ್ಣೆಯಾಗಿದ್ದರಿಂದ ಹೆಂಡತಿಯೇ ಹಿಡಿದು ಓದಿದಳು, ನಾನು ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಮಾರು ದೂರ ನಿಂತು ಲೆಕ್ಕ ಮಾಡಿದೆ. ನೂರ ಐವತ್ತು ವೋಲ್ಟ್. ಐದು ಪಾಯಿಂಟ್ ಏಳು ಆಂಪಿಯರ್. ಭಾಗಿಸಿದರೆ ಮತ್ತೆ ಅದೇ ಇಪ್ಪತ್ತಾರು ಚಿಲ್ಲರೆ ಓಮ್. ರಾಡಿಗೆ ಏನೂ ಆಗಿರಲಿಲ್ಲ, ನಿನ್ನೆಯ ರಾಡ್ ನಿನ್ನೆಯಂತೆಯೇ ಇತ್ತು. ಗುಣಿಸಿದರೆ ಮಾತ್ರ ಎಂಟುನೂರ ಐವತ್ತೈದು ವ್ಯಾಟ್. ವೋಲ್ಟೇಜು ಇಳಿದದ್ದು ಮೂರರಲ್ಲೊಂದು ಪಾಲು. ಆದರೆ ವೋಲ್ಟೇಜು ಇಳಿದಾಗ ಕರೆಂಟೂ ಅಷ್ಟೇ ಇಳಿಯುತ್ತದೆ. ಎರಡು ಸಣ್ಣವನ್ನು ಗುಣಿಸಿದರೆ ಬರುವುದು ತೀರಾ ಸಣ್ಣದು. ಶಾಖ ಅರ್ಧಕ್ಕಿಂತ ಕೆಳಗೆ ಹೋಗಿತ್ತು. ಇದನ್ನು ನಾನು ಪ್ರತಿ ವರ್ಷ ಕರಿಹಲಗೆಯ ಮೇಲೆ ಬರೆದು, ಪರೀಕ್ಷೆಗೆ ಬರುತ್ತೆ ಎಂದು ಅಡಿಗೆರೆ ಎಳೆಯುತ್ತೇನೆ.

ಕಿಟಕಿಯಿಂದ ಹೊರಗೆ ನೋಡಿದಾಗ ಎಲ್ಲ ತಿಳಿಯಿತು. ಊರಿನ ಪ್ರತಿ ಬಚ್ಚಲುಮನೆಯಲ್ಲೂ ದೀಪ. ಹೊತ್ತು ಹುಟ್ಟುವುದರೊಳಗೆ ಎಲ್ಲರೂ ಎಣ್ಣೆನೀರು ಹಾಕಿಕೊಳ್ಳಬೇಕಾದ ದಿನ ಅದು. ಹೊಳೆನರಸೀಪುರದ ಅಂಗಡಿಗಳಿಂದ ಒಬ್ಬರನ್ನು ನೋಡಿ ಒಬ್ಬರು ರಾಡುಗಳನ್ನು ತಂದಿದ್ದರು. ನಾಲ್ಕು ಗಂಟೆಗೆ ಊರಿಗೆ ಊರೇ ಒಟ್ಟಿಗೆ ಸ್ವಿಚ್ ಹಾಕಿತ್ತು. ಎಲ್ಲರ ಹಂಡೆಯೂ ಉಗುರುಬೆಚ್ಚಗೆ. ನಾನು ಅಳೆದದ್ದು ಯಾರೂ ನೀರು ಕಾಯಿಸದ ಮಧ್ಯಾಹ್ನದಲ್ಲಿ. ಆ ಮನೆಯಲ್ಲಿ ವೋಲ್ಟೇಜು ಬೀಳುತ್ತದೆ ಎಂದು ಸಾರಿ ಹೇಳುತ್ತಿದ್ದ ಸ್ಟೆಬಿಲೈಸರನ್ನು ಹೆಣ್ಣು ನೋಡಲು ಹೋದ ದಿನವೇ ನೋಡಿದ್ದೆ. ಸೂತ್ರದ್ದು ಯಾವ ತಪ್ಪೂ ಇರಲಿಲ್ಲ, ತಪ್ಪು ಪೂರ್ತಿ ನನ್ನದೇ.

"ಸೋತೆ ಮಾವ" ಎಂದೆ. ನನ್ನ ಜಂಬ ಮುರಿದದ್ದು ಹಾಗಿರಲಿ. ಅತ್ತೆ ಆಗಲೇ ಸೆರಗು ಸಿಕ್ಕಿಸಿಕೊಂಡು ಮೂಲೆಯಲ್ಲಿದ್ದ ಊದುಗೊಳವೆ ತೆಗೆದುಕೊಳ್ಳುತ್ತಿದ್ದರು.

ಅದನ್ನು ನಾನು ಅವರ ಕೈಯಿಂದ ಕಿತ್ತುಕೊಂಡೆ. ಪ್ಲಗ್ ಕೀಳಿಸಿ, ರಾಡ್ ತೆಗೆದಿಟ್ಟು, ಒಲೆಗೆ ತೆಂಗಿನಗರಿ ತುರುಕಿ, ಎಣ್ಣೆಮೈಯಲ್ಲೇ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಹಿಂದಿನ ವಾರ ಮಳೆ ಬಂದು ಸೌದೆ ನೆಂದಿತ್ತು. ಎರಡು ಸಲ ಊದುವಷ್ಟರಲ್ಲಿ ಹೊಗೆ ನೇರ ಮುಖಕ್ಕೆ ನುಗ್ಗಿತು. ಕಣ್ಣಲ್ಲಿ ಒಂದು ಕಡೆಯಿಂದ ಹರಳೆಣ್ಣೆ, ಒಂದು ಕಡೆಯಿಂದ ಹೊಗೆ. ಮನೆಯಲ್ಲಿ ಹಾಹಾಕಾರ ಎದ್ದಿತು.

"ಅಯ್ಯೋ ಶಿವ್ನೆ, ಅಳಿಯಂದ್ರು ಒಲೆ ಊದ್ತಾವ್ರೆ, ನೋಡ್ಕಂಡ್ ನಿಂತಿದ್ದೀರಲ್ಲ" ಎಂದು ಅತ್ತೆ ಗಂಡನ ಮೇಲೆ ಹರಿಹಾಯ್ದರು.

ಮಾವ ಪೇಚಿಗೆ ಸಿಕ್ಕಿದರು. ಮೊದಲ ದೀಪಾವಳಿಗೆ ಬಂದ ಅಳಿಯ ಒಲೆ ಊದಿದ ಎಂದು ಊರಲ್ಲಿ ಗೊತ್ತಾದರೆ ಮುಗಿಯಿತು. ಅತ್ತೆಯನ್ನು ಕೂರಿಸೋಣವೆಂದರೆ ಅಳಿಯ ಕೊಳವೆ ಕೊಡುವುದಿಲ್ಲ. ಮಗಳು ಬೇಕೆಂದೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು.

"ಏಳಿ ಮೇಲೆ" ಎಂದರು. "ಕೊಡಿ ಇತ್ಲಾಗೆ."

ಹೀಗೆ ಮಾವ ಒಲೆಯ ಮುಂದೆ ಕೂತರು. ಅವರು ಸೀಳಿದ ಸೌದೆಗೆ ಲೆಕ್ಕವಿರಲಿಲ್ಲ, ಆದರೆ ಅದು ಹತ್ತಿಕೊಳ್ಳುವ ಮುಂಚಿನ ಹೊಗೆಯ ಪರಿಚಯ ಅವರಿಗಿರಲಿಲ್ಲ. ಮೊದಲ ಸಲ ಜೋರಾಗಿ ಊದಿ ಬೂದಿಯನ್ನೆಲ್ಲ ಮೀಸೆಗೆ ಮೆತ್ತಿಕೊಂಡರು. ಎರಡನೆಯ ಸಲ ಉಸಿರನ್ನು ಕೊಳವೆಯಿಂದಲೇ ಒಳಕ್ಕೆಳೆದುಕೊಂಡು ಕೆಮ್ಮಿದರು. "ಮೆತ್ತುಗ್ ಊದ್ಬೇಕು ಕಣ್ರೀ, ಪೀಪಿ ಅಲ್ಲ ಅದು" ಎಂದು ಅತ್ತೆ ಬಾಗಿಲಾಚೆಯಿಂದ ಹೇಳಿಕೊಟ್ಟರು. ನಾನು ಮಣೆಯ ಮೇಲೆ ಕೂತು ನಗು ತಡೆದುಕೊಳ್ಳುತ್ತಿದ್ದೆ. ನೀರು ಕಾಯುವ ತನಕ ಅವರು ಮೂರು ಸಲ ಎದ್ದು ಹೊರಗೆ ಹೋಗಿ ಗಾಳಿ ಕುಡಿದು ಬಂದರು. ಕೊನೆಗೆ ಕಣ್ಣೆರಡೂ ಕೆಂಡವಾಗಿ, ನೀರು ಸುರಿಯುತ್ತ, ಒಲೆಯ ಪಕ್ಕದ ಕಲ್ಲಿನ ಮೇಲೆ ಕೂತು ಅತ್ತೆಯನ್ನು ಕೇಳಿದರು.

"ದಿನಾ ಇಂಗೇ ಇರ್ತದಾ?"

"ಮಳೆಗಾಲದಲ್ಲಿ ಇಂಗೆ. ಬ್ಯಾಸ್ಗೇಲಿ ವಸಿ ಕಮ್ಮಿ."

"ಎಷ್ಟ್ ವರ್ಸ ಆಯ್ತು ನೀನು ಬಂದು?"

"ಮೂವತ್ತೊಂಬತ್ತು."

ಮಾವ ಎದ್ದು ಊದುಗೊಳವೆಯನ್ನು ಗೋಡೆಗೆ ಒರಗಿಸಿಟ್ಟರು. ನನ್ನ ಸ್ನಾನ ಮುಗಿಯಿತು, ಎಲ್ಲರದೂ ಮುಗಿಯಿತು, ಕಜ್ಜಾಯದ ತಟ್ಟೆ ಬಂತು. ಅವರು ಕಜ್ಜಾಯ ಮುರಿಯುತ್ತ, ಎಲ್ಲೋ ನೋಡುತ್ತ, "ಆ ಕಡ್ಡೀದು ಇನ್ನೊಂದ್ಕಿತ ಲೆಕ್ಕ ಮಾಡಿ ಅಳಿಯಂದ್ರೆ" ಎಂದರು.

"ಪಂದ್ಯ ನೀವು ಗೆದ್ದಿರಲ್ಲ ಮಾವ."

"ಗೆದ್ದೋನು ನಾನೇ ಏಳ್ತಾ ಇದ್ದೀನಲ್ಲ, ಮಾಡಿ ಅಂತ."

ಈ ಸಲ ನಾನು ಜಂಬ ಬಿಟ್ಟು ಅಳತೆಗೆ ಇಳಿದೆ. ವೋಲ್ಟೇಜು ಯಾವ ಹೊತ್ತಿಗೆ ಎಷ್ಟಿರುತ್ತದೆ ಎಂದು ಗೊತ್ತಾಗದೆ ಲೆಕ್ಕ ಮಾಡಿ ಪ್ರಯೋಜನವಿಲ್ಲ ಎಂದೆ. ಮಾವನಿಗೆ ಆ ಮಾತು ಹಿಡಿಸಿತು. ಅದು ಹೊಲಕ್ಕೆ ನೀರು ಬಿಡುವ ಸರದಿಯಂತೆ ಎಂದು ತಾವೇ ಹೇಳಿಕೊಂಡು, ಮೀಟರ್ ಹಿಡಿಯುವುದನ್ನು ಕಲಿತು, ಎರಡು ದಿನ ಗಂಟೆಗೊಂದು ಸಲ ಪ್ಲಗ್ಗಿನ ಹತ್ತಿರ ಹೋಗಿ ವೋಲ್ಟ್ ನೋಡಿ ಬಚ್ಚಲುಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದರು. ಸಂಜೆ ಏಳಕ್ಕೆ ನೂರ ಎಂಬತ್ತು. ಎಂಟಕ್ಕೆ ಇನ್ನೂರು. ಒಂಬತ್ತಕ್ಕೆ ಇನ್ನೂರ ಇಪ್ಪತ್ತೆರಡು. ಬೆಳಗಿನ ಐದಕ್ಕೆ ನೂರ ಅರವತ್ತು. ಅಂಕಿಗಳು ಬದನೆಕಾಯಿಯಷ್ಟು ದಪ್ಪ.

ಒಂಬತ್ತಕ್ಕೆ ರಾಡ್ ಹಾಕಿ ಕರೆಂಟು ಅಳೆದೆವು. ಎಂಟು ಪಾಯಿಂಟ್ ನಾಲ್ಕು. ಮಾವನೇ ಮೊಬೈಲಿನಲ್ಲಿ ಭಾಗಿಸಿದರು. "ಇಪ್ಪತ್ತಾರು ಪಾಯಿಂಟ್ ನಾಕು. ಈ ನಂಬರ್ ಮಾತ್ರ ಅಳ್ಳಾಡಾಕಿಲ್ಲ ಕಣ್ರೀ" ಎಂದು ಬೆರಗಾದರು. ಅದು ರಾಡಿನ ಗುಣ, ಊರಿನ ವೋಲ್ಟೇಜು ಏನಾದರೂ ಆಗಲಿ ಅದು ಹೆಚ್ಚುಕಡಿಮೆ ಹಾಗೇ ಇರುತ್ತದೆ ಎಂದೆ. ಗುಣಿಸಿದರೆ ಸಾವಿರದ ಎಂಟುನೂರ ಅರವತ್ತು ವ್ಯಾಟ್. ನೀರನ್ನು ಇನ್ನೂ ಹೆಚ್ಚು ಕಾಯಿಸಿಡಲು ಎರಡು ಗಂಟೆ ಬೇಕಿತ್ತು. ಹನ್ನೊಂದಕ್ಕೆ ಆರಿಸಿ, ಹಂಡೆಗೆ ಮುಚ್ಚಳ ಹಾಕಿ, ಸುತ್ತ ರಾಗಿಹುಲ್ಲು ಒತ್ತಿ, ಮೇಲೆ ಗೋಣಿಚೀಲ ಸುತ್ತಿದೆವು. ಒಲೆಯ ಬಾಯಿಗೂ ಹುಲ್ಲು ತುರುಕಿದೆವು. ಬಲಿಪಾಡ್ಯಮಿಯ ಬೆಳಗಿನ ಜಾವ ಊರೆಲ್ಲ ರಾಡ್ ಹಾಕಿ ಕಾಯುತ್ತಿದ್ದಾಗ, ನಮ್ಮ ಹಂಡೆಯ ಮುಚ್ಚಳ ತೆಗೆದರೆ ಆವಿ ಮುಖಕ್ಕೆ ಬಡಿಯಿತು. ಮಾವ ಮೊದಲ ಚೊಂಬು ಮೈಮೇಲೆ ಹಾಕಿಕೊಂಡು "ಹಾ" ಎಂದರು. ಮೂಳೆಯವರೆಗೂ ಇಳಿಯಿತೋ ಎಂದು ಕೇಳಿದೆ. ಕೇಳಿಸದವರ ಹಾಗೆ ಎರಡನೆಯ ಚೊಂಬು ಹಾಕಿಕೊಂಡರು.

ಅವತ್ತು ಮಧ್ಯಾಹ್ನವೇ ಹಾರೆ ತೆಗೆದುಕೊಂಡು ಒಲೆ ಕಿತ್ತರು. ಅತ್ತೆ ಜಗಲಿಯ ಮೇಲೆ ಕೂತು, ಕಲ್ಲುಗಳು ಒಂದೊಂದಾಗಿ ತೆಂಗಿನ ಬುಡ ಸೇರುವುದನ್ನು ನೋಡುತ್ತಿದ್ದರು. ಊದುಗೊಳವೆಯನ್ನು ಮಾತ್ರ ಮಾವ ಬಿಸಾಡಲಿಲ್ಲ, ಅಟ್ಟಕ್ಕೆ ಎಸೆದರು.

ಮೀಟರನ್ನು ನಾನು ಅಲ್ಲೇ ಬಿಟ್ಟು ಬಂದೆ. ಸಂಕ್ರಾಂತಿ ಕಳೆದ ಮೇಲೆ ಅತ್ತೆಯ ಎಡಗಣ್ಣಿನದೂ ಸಲೀಸಾಗಿ ಆಯಿತು. ಯುಗಾದಿಯ ಹಿಂದಿನ ರಾತ್ರಿ ಮಾವನ ಫೋನು ಬಂತು.

"ಅಳಿಯಂದ್ರೆ, ಕಡ್ಡಿ ಗುಳ್ಳೆ ಬುಡ್ತಾ ಕಾಯ್ತಾ ಅದೆ, ಮೀಟ್ರು ಮಾತ್ರ ಸೊನ್ನೆ ತೋರುಸ್ತದೆ. ಪುಕ್ಸಟ್ಟೆ ಕಾಯ್ತಾ ಇದ್ದದಾ?"

"ಎರಡೂ ತಂತಿ ಸೇರಿಸಿ ಕಚ್ಚಿಸಿದ್ದೀರಾ ಮಾವ?"

"ಊಂ. ಎಲ್ಡೂ ಅಳೆದ್ರೆ ಒಳ್ಳೇದಲ್ವಾ?"

"ಒಂದರಲ್ಲಿ ಹೋಗಿದ್ದು ಇನ್ನೊಂದರಲ್ಲಿ ವಾಪಸ್ ಬರುತ್ತೆ. ಎರಡೂ ಸೇರಿದರೆ ವಜಾ ಆಗಿ ಸೊನ್ನೆ. ಒಂದನ್ನೇ ಕಚ್ಚಿಸಿ."

ಸ್ವಲ್ಪ ಹೊತ್ತು ಬಿಟ್ಟು, "ಎಂಟು ಪಾಯಿಂಟ್ ಮೂರು" ಎಂಬ ತೃಪ್ತಿಯ ದನಿ ಬಂತು. ಎಷ್ಟು ಹೊತ್ತು ಹಾಕಬೇಕೆಂದು ಅವರು ಕೇಳಲಿಲ್ಲ. ಆ ಲೆಕ್ಕವನ್ನು ಆಗಲೇ ಮಾಡಿ ಗೋಡೆಗೆ ಬರೆದಿದ್ದರು ಎಂದು ಆಮೇಲೆ ತಿಳಿಯಿತು.

ಮರುವರ್ಷದ ದೀಪಾವಳಿಗೆ ಹೋದಾಗ ನಾನು ಹಳೆಯ ಅಳಿಯ. ಲೋಟ ಎತ್ತಿಡಬಹುದಿತ್ತು, ಆದರೂ ಎತ್ತಿಡಲಿಲ್ಲ. ಬೆಳಿಗ್ಗೆ ಅತ್ತೆಯೇ ನೀರು ಹುಯ್ಯಲು ನಿಂತರು. ಬಚ್ಚಲುಮನೆಯಲ್ಲಿ ಹೊಗೆಯ ಸುಳಿವಿಲ್ಲ, ಗೋಡೆಗೆ ಸುಣ್ಣ ಬಳಿದು ಬೆಳ್ಳಗಾಗಿತ್ತು. ಇದ್ದಿಲಿನ ಅಂಕಿಗಳಿದ್ದ ಒಂದು ಚೌಕವನ್ನು ಮಾತ್ರ ಬಳಿಯದೆ ಬಿಟ್ಟಿದ್ದರು. ಅತ್ತೆ ತಲೆಗೆ ಮೊದಲ ಚೊಂಬು ಹುಯ್ದು, ಬಗ್ಗಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು.

"ಅಲ್ಲ ಕಣ್ರಪ್ಪ, ಮದ್ವೇಲಿ ನೀವು ಬೆಳ್ಳುಗ್ ಕಂಡಿದ್ರಲ್ಲ?"

ಬಾಗಿಲಲ್ಲಿ ನಿಂತಿದ್ದ ಹೆಂಡತಿ ನಕ್ಕು ನಕ್ಕು ಅಲ್ಲೇ ಕುಸಿದಳು. ಮಾವನೂ ಮೀಟರ್ ಹಿಡಿದುಕೊಂಡೇ ಗಹಗಹಿಸಿದರು. ಅತ್ತೆ ಅವರ ಕಡೆ ತಿರುಗಿದರು.

"ನೀವೇನು ನಗ್ತೀರಿ. ನಿಮ್ ಮಕಾನೂ ಈಗ್ಲೇಯ ಸರ್ಯಾಗ್ ಕಾಣ್ತಿರೋದು" ಎಂದವರು ತಮಾಷೆ ಮುಂದುವರಿಸುವವರಂತೆ ಅವರನ್ನು ನೋಡಿದರು. ನೋಡುತ್ತ ನೋಡುತ್ತ ದನಿ ಮೆತ್ತಗಾಯಿತು. "ಮೀಸೆಯೆಲ್ಲಾ ಪೂರ್ತಿ ಬೆಳ್ಳುಗಾಗೋಗದಲ್ರೀ. ನಂಗೊತ್ತೇ ಆಗ್ಲಿಲ್ಲ."

ಮಾವ ಒಂದು ಕೈಯಿಂದ ಮೀಸೆ ಸವರಿಕೊಂಡು, ರಾತ್ರಿಯೇ ಕಿತ್ತಿಟ್ಟಿದ್ದ ಪ್ಲಗ್ಗನ್ನು ಇನ್ನೊಂದು ಸಲ ನೋಡಿಕೊಂಡು ಬರಲು ಆ ಕಡೆ ಹೋದರು.